ತೊಳೆಯುವ ಮುಂಚಿನ ಮುಖ

ಕಾಲಕ್ಕೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ ಒಬ್ಬ ರಾಜನಿದ್ದ, ಅವನಿಗೆ ಇಬ್ಬರು ಕಾವಲುಗಾರರು. ಒಬ್ಬನ ಕಣ್ಣಿಗೆ ಹಾರುವ ಬಾಣ ಗಾಳಿಯಲ್ಲೇ ನಿಂತಂತೆ ಕಾಣುತ್ತಿತ್ತು. ಇನ್ನೊಬ್ಬನಿಗೆ ಬಾಣ ಕಾಣುತ್ತಲೇ ಇರಲಿಲ್ಲ, ಆದರೆ ಅದನ್ನು ಬಿಟ್ಟವನ ರೆಪ್ಪೆಯ ಒಂದೊಂದು ಕೂದಲೂ ಕಾಣುತ್ತಿತ್ತು. ಯುದ್ಧಕ್ಕೆ ಹೊರಟ ರಾಜನ ಕುದುರೆಯ ಮೇಲೆ ಒಬ್ಬನಿಗಷ್ಟೇ ಜಾಗ. ಯಾರನ್ನು ಹತ್ತಿಸಿಕೊಂಡ? ಕಥೆ ಇಲ್ಲಿಗೆ ಬಂದಾಗ ಅದನ್ನು ಹೇಳುತ್ತಿದ್ದ ಶಾಲನ್‌ಳ ಅಜ್ಜಿಗೆ ಪ್ರತಿ ಸಲವೂ ನಿದ್ದೆ ಬಂದುಬಿಡುತ್ತಿತ್ತು.

ಈಗ ಕೊಲ್ಹಾಪುರದ ಅಶ್ಫಾಕ್ ಮುಜಾವರನ ಬಾಡಿಗೆ ಕ್ಯಾಮೆರಾ ಅಂಗಡಿಯಲ್ಲಿ, ಗಾಜಿನ ಮೇಜಿನ ಮೇಲೆ ಎರಡು ಕ್ಯಾಮೆರಾ ಕೂತಿದ್ದವು. ಒಂದು ಫುಲ್ ಫ್ರೇಮ್. ಗುಂಡಿ ಒತ್ತಿ ಹಿಡಿದರೆ ಮಳೆ ಹನಿ ಬಿದ್ದಂತೆ ಚಿತ್ರದ ಮೇಲೆ ಚಿತ್ರ. ಇನ್ನೊಂದು ಮೀಡಿಯಮ್ ಫಾರ್ಮ್ಯಾಟ್. ಇಟ್ಟಿಗೆಯಂತೆ ಭಾರ, ಎಮ್ಮೆಯಂತೆ ನಿಧಾನ, ಆದರೆ ಎಷ್ಟು ಹಿಗ್ಗಿಸಿದರೂ ಚಿತ್ರ ಮಸುಕಾಗದು.

"ಕುಸ್ತಿಗೆ ಇದನ್ನ ಯಾರಾದ್ರೂ ಒಯ್ತಾರೇನಕ್ಕಾ?" ಅಶ್ಫಾಕ್ ಎರಡನೆಯದನ್ನು ತಟ್ಟಿದ. "ನೀ ಗುಂಡಿ ಒತ್ತೋದ್ರಾಗ ಪೈಲ್ವಾನ ಎದ್ದು, ಜಳಕಾ ಮಾಡಿ, ಊಟಕ್ಕ ಕೂತಿರ್ತಾನ. ಫುಲ್ ಫ್ರೇಮ್ ಒಯ್ಯಿ. ಇನ್ನೊಂದು ನಾಳೆ ಮದುವಿಗೆ ಹೋಗಬೇಕು, ಎರಡೂ ಕೊಡಾಕ ಬರೂದಿಲ್ಲ."

"ಆಳೆತ್ತರದ ಚಿತ್ರ ತಗಸಬೇಕು. ಗೋಡೆಗೆ ಅಂಟಿಸಿ ಒಂದು ಮಾರು ದೂರದಿಂದ ನೋಡಾಕ. ಫುಲ್ ಫ್ರೇಮಿಂದು ಅಷ್ಟು ಹಿಗ್ಗಿಸಿದ್ರ ಏನಾಗ್ತದ?"

"ದೂರದಿಂದ ಛಲೋ. ಹತ್ತರದಿಂದ ಮಸಕ."

"ಅವ ಹಿಂದ ಸರಿದು ನೋಡೋ ಹಂಗಿಲ್ಲಲ್ಲ, ಅಶ್ಫಾಕ್."

ಶಾಲನ್‌ಳ ಅಣ್ಣ ಸರ್ಜೇರಾವ್ ಮಲಗಿದಲ್ಲಿಂದ ಹಿಂದಕ್ಕೂ ಸರಿಯಲಾರ, ಮುಂದಕ್ಕೂ ಸರಿಯಲಾರ ಎಂಬುದು ಆ ಪೇಟೆಗೆಲ್ಲ ಗೊತ್ತಿತ್ತು.

ಹೋದ ವರ್ಷದ ಕುಸ್ತಿ ಮೈದಾನದಲ್ಲಿ, ಸಾವಿರಾರು ಜನರ ಎದುರು, ಬಿರೂ ಕೋಳೇಕರ ಅವನ ಬೆನ್ನೇರಿ ಕುತ್ತಿಗೆಗೆ ತೋಳು ಹಾಕಿದ್ದ. ಹಸಿ ಕಬ್ಬು ಮುರಿದಂಥ ಸದ್ದು ಕೊನೆಯ ಸಾಲಿನವರಿಗೂ ಕೇಳಿಸಿತ್ತು. ಪಂಚರು ತಪ್ಪಿಲ್ಲ ಎಂದರು. ಸರ್ಜೇರಾವ್ ಕುಸ್ತಿ ಕಲಿತ ತಾಲೀಮಿನ ಗುರು ವಸ್ತಾದ ಮಾತ್ರ, ಸೀಟಿ ಊದಿದ ಮೇಲೂ ಬಿರೂ ಮೊಣಕೈ ಒತ್ತಿದ ಎಂದು ಇವತ್ತಿಗೂ ಎದೆ ಬಡಿದುಕೊಳ್ಳುತ್ತಿದ್ದ. ಈ ಸಲ ಬಿರೂನ ಎದುರು ಅದೇ ತಾಲೀಮಿನ ಧೋಂಡಿರಾಮ. "ಆ ಮೊಣಕೈ ನನಗ ಬೇಕು," ಎಂದು ವಸ್ತಾದ ಶಾಲನ್‌ಗೆ ಹೇಳಿಟ್ಟಿದ್ದ. "ಒಂದ ಒಂದು ಚಿತ್ರ. ಮತ್ತ ಅವ ಜನ್ಮದಾಗ ಕೆಂಪು ಮಣ್ಣು ಮುಟ್ಟಬಾರ್ದು."

ಅಣ್ಣ ಕೇಳಿದ್ದು ಬೇರೆ.

"ಅವನ ಮುಖ ತಗೊಂಡ್ ಬಾ," ಎಂದಿದ್ದ. ಶಾಲನ್ ಅವನ ಗಡ್ಡ ಹೆರೆಯುತ್ತಿದ್ದಳು. ಕತ್ತಿ ಗಂಟಲ ಮೇಲಿತ್ತು. "ಗೆದ್ದ ಮ್ಯಾಲಿನ ಮುಖ. ತೊಳಕೊಳ್ಳೂಕಿಂತ ಮುಂಚಿಂದು."

"ಫೋನಿನ್ಯಾಗ ಬೇಕಾದಷ್ಟು ಅದಾವಲ್ಲ ದಾದಾ."

"ಹೆಬ್ಬೆರಳಿನಷ್ಟು. ಅಂವೇನು ಹೆಬ್ಬೆರಳಿನಷ್ಟಿದ್ನೇನು ನನ್ನ ಮ್ಯಾಲೆ? ಅವನ ಭಾರ ಗೊತ್ತೈತಿ, ಉಸರಿನ ವಾಸನಿ ಗೊತ್ತೈತಿ. ನನ್ನ ಮುಖ ಮಣ್ಣಿನ್ಯಾಗಿತ್ತು. ಮುರದ ಮ್ಯಾಲೆ ಅವನ ಮುಖ ಹೆಂಗಿತ್ತು ಅಂತ ಊರಿಗೆಲ್ಲ ಗೊತ್ತು, ನನಗಷ್ಟ ಗೊತ್ತಿಲ್ಲ. ಮಾರುತಿ ಆಣಿ ಮಾಡು."

ಅವರ ತಾಲೀಮಿನಲ್ಲಿ ಅದೊಂದು ಪದ್ಧತಿ. ಗೆದ್ದವನನ್ನು ಮೈಮೇಲಿನ ಮಣ್ಣು, ರಕ್ತ ತೊಳೆಯುವ ಮುಂಚೆಯೇ ಅಖಾಡದಲ್ಲಿ ನಿಲ್ಲಿಸಿ ಚಿತ್ರ ತೆಗೆದು, ಆಳೆತ್ತರಕ್ಕೆ ಗೋಡೆಗೆ ಹಾಕುತ್ತಾರೆ. ಸರ್ಜೇರಾವ್‌ನದೂ ಅಲ್ಲಿ ಇತ್ತು. ಶಾಲನ್ ಆಣೆ ಮಾಡಿದ್ದಳು. ಮಾಡಿದ ಮೇಲೆಯೇ ಅದರ ಮುಳ್ಳು ಚುಚ್ಚಿತು: ಬಿರೂನ ಗೆದ್ದ ಮುಖ ಸಿಗಬೇಕಾದರೆ ಧೋಂಡಿರಾಮ ಸೋಲಬೇಕು.

ಅಶ್ಫಾಕ್‌ನ ಮೇಜಿನ ಮುಂದೆ ಅವಳು ಬಹಳ ಹೊತ್ತು ನಿಂತಳು. ಬಾಣವೋ, ಬಿಟ್ಟವನೋ? ಕೊನೆಗೆ ಇಟ್ಟಿಗೆಯಂಥದನ್ನು ಎತ್ತಿ ಚೀಲಕ್ಕೆ ಹಾಕಿಕೊಂಡಳು.

ಮೈದಾನದಲ್ಲಿ ಹಲಗಿ ವಾದ್ಯ ಬಡಿಯುತ್ತಿದ್ದರು. ಮಣ್ಣಿಗೆ ಮಜ್ಜಿಗೆ, ಅರಿಶಿನ, ಎಣ್ಣೆ ಕಲಸಿದ ಹುಳಿ ವಾಸನೆ. ಶಾಲನ್ ಚಪ್ಪಲಿ ಬಿಟ್ಟು ಅಖಾಡದ ಅಂಚಿಗೆ ಬಂದಾಗ ವಸ್ತಾದ ಅವಳ ಕೈಯಲ್ಲಿದ್ದದ್ದನ್ನು ನೋಡಿದ.

"ಇದೇನು, ಬೀಸೂಕಲ್ಲು ಹೊತ್ಕೊಂಡ್ ಬಂದೀಯಲ್ಲ! ಇದರಾಗ ಮೊಣಕೈ ಸಿಗತೈತೇನು?"

"ನೋಡೋಣ್ರೀ ವಸ್ತಾದ."

"ನೋಡೋಣಂತ! ನಿನ್ನ ಅಜ್ಜ ಗಾಜಿನ ಹಲಗಿ ಮ್ಯಾಲೆ ಚಿತ್ರ ತಗೀತಿದ್ದ, ನೀ ಅಂವಗಿಂತ ಹಿಂದ ಹೊಂಟೀ."

ಕುಸ್ತಿ ಶುರುವಾಯಿತು. ಇಬ್ಬರೂ ಹಣೆಗೆ ಹಣೆ ಹಚ್ಚಿ ಹೋರಿಗಳಂತೆ ನೂಕಾಡಿದರು. ಧೋಂಡಿರಾಮ ಬಿರುಸಾಗಿದ್ದ, ಹಿಡಿತ ತಪ್ಪಿಸಿಕೊಂಡು ಹೊರಬರುವಾಗ ಅವನ ನೆತ್ತಿ ಬಿರೂನ ಬಾಯಿಗೆ ಬಡಿದು ತುಟಿ ಸೀಳಿತು. ರಕ್ತ ಗದ್ದದಿಂದ ಎದೆಗಿಳಿದು ಕೆಂಪು ಮಣ್ಣಿನಲ್ಲಿ ಕಪ್ಪಾಯಿತು. ಜನ ಎದ್ದು ನಿಂತು "ಹಾಣ್! ಹಾಣ್ ತ್ಯಾಲಾ! ಹೊಡಿ ಅವನ್ನ!" ಎಂದು ಕೂಗಿದರು. ಬಿರೂ ರಕ್ತ ಉಗುಳಿ ಹಿಡಿ ಮಣ್ಣು ಎತ್ತಿ ಧೋಂಡಿರಾಮನ ಜಾರುವ ಬೆನ್ನಿಗೆ ಉಜ್ಜಿದ. ಮರುಕ್ಷಣ ಅವನ ಹಿಂದಿದ್ದ. ತೋಳು ಹೆಣೆದು ತಿರುವಿದ. ಧೋಂಡಿರಾಮನ ಭುಜ ಗೂಡಿನಿಂದ ಜಿಗಿದದ್ದು ಚರ್ಮದಡಿಯಲ್ಲಿ ಕಂಡಿತು; ಅವನು ಕಿರುಚಿದ, ಬಾಯಿ ತುಂಬ ಮಣ್ಣು ಹೋಗಿ ಕಿರುಚು ನಿಂತಿತು. ಸೀಟಿ. ಅದರ ಮೇಲೆಯೂ ಒಂದು ಜಗ್ಗು ಇತ್ತೋ, ಇರಲಿಲ್ಲವೋ?

ಶಾಲನ್ ಒಂದೇ ಒಂದು ಸಲ ಗುಂಡಿ ಒತ್ತಿದ್ದಳು. ವಸ್ತಾದ ಓಡಿ ಬಂದು ಅವಳ ರಟ್ಟೆ ಹಿಡಿದು ಪರದೆ ನೋಡಿದ. ಎರಡು ಮೈ ಕರಗಿ ಒಂದು ಕೆಂಪು ಕಲೆ, ಅಷ್ಟೇ.

"ಎಲ್ಲೈತಿ ಮೊಣಕೈ?"

"ಸಿಗಲಿಲ್ಲ."

ವಸ್ತಾದನ ಕೈ ಅವಳ ಕೆನ್ನೆಗೆ ಬಿತ್ತು. ಚಿಕ್ಕಂದಿನಲ್ಲಿ ಅವಳನ್ನು ಎತ್ತಿ ಆಡಿಸಿದ ಕೈ. "ಬಿರೂ ಮುರದ ನಿಮ್ಮಣ್ಣನ ಕುತ್ತಿಗಿ ಮ್ಯಾಲೆ ನೀನೂ ಕಾಲಿಟ್ಟೆಲ್ಲ ಹುಡುಗಿ," ಎಂದು ಧೋಂಡಿರಾಮನನ್ನು ಎತ್ತಿದವರ ಹಿಂದೆ ಹೋದ.

ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದಂತೆಯೇ ಶಾಲನ್ ಅಖಾಡದೊಳಗೆ ಇಳಿದಳು. ಮಣ್ಣು ಬೆಚ್ಚಗಿತ್ತು. ಬಿರೂನ ಕಡೆಯವರು ಅವನನ್ನು ಹೆಗಲ ಮೇಲೆ ಎತ್ತಲು ಬಂದಿದ್ದರು. ಒಬ್ಬನ ಕೈಯಲ್ಲಿ ನೀರಿನ ಕೊಡ.

"ನೀರು ಹಾಕಬ್ಯಾಡ್ರಿ. ಚಿತ್ರ ತಗೀಬೇಕು."

"ಯಾರ ಪೈಕಿ ನೀ?" ಎಂದ ಬಿರೂ. ಸೀಳಿದ ತುಟಿಯಿಂದ ಮಾತು ತೊದಲುತ್ತಿತ್ತು.

"ಸರ್ಜೇರಾವ್ ಮಗ್ದೂಮನ ತಂಗಿ."

ಕೊಡ ಹಿಡಿದವನು ಕೆಟ್ಟ ಬೈಗುಳ ಬೈದು ಅವಳನ್ನು ದೂಡಿದ. ಮೊಣಕಾಲ ಮೇಲೆ ಬಿದ್ದಳು, ಕ್ಯಾಮೆರಾ ಎದೆಗವಚಿಕೊಂಡೇ. ಹಿಂದಿನಿಂದ ಅವಳದೇ ತಾಲೀಮಿನ ಹುಡುಗರು, "ವೈರಿ ಚಿತ್ರ ಗೋಡೆಗೆ ಹಾಕ್ತಾಳ ಬಿಕನಾಶಿ!" ಎಂದು ಕೂಗುತ್ತಿದ್ದರು. ಒಂದು ಕಲ್ಲು ಬಂದು ಬಿರೂನ ಪಕ್ಕದವನ ಹಣೆಗೆ ತಾಗಿತು. ಎರಡೂ ಕಡೆಯವರು ಅಖಾಡಕ್ಕೆ ನುಗ್ಗಿದರು. ಲಾಠಿ, ಕೋಲು, ಹಲಗಿಯ ಚರ್ಮ ಹರಿದ ಸದ್ದು.

ಆ ಗದ್ದಲದ ನಡುವೆ ಬಿರೂ ಕದಲಲಿಲ್ಲ.

"ಅಂವ ಮಾತಾಡ್ತಾನೇನು?"

"ಮಾತೊಂದ ಉಳದೈತಿ. ನಿನ್ನ ಮುಖ ತರಾಕ ಹೇಳ್ಯಾನ. ತೊಳಿಯೂಕಿಂತ ಮುಂಚಿಂದು."

ಬಿರೂ ಅಭ್ಯಾಸದಂತೆ ಗೆದ್ದವರ ಹಾಗೆ ಎರಡೂ ತೋಳು ಎತ್ತಿದ. ಅರ್ಧಕ್ಕೆ ನಿಲ್ಲಿಸಿ ಇಳಿಸಿದ. ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಜೋತುಬಿಟ್ಟ.

"ಎಲ್ಲಿ ನೋಡ್ಲಿ?"

"ಇಲ್ಲಿ. ಅಂವ ಇಲ್ಲಿ ಮಲಗ್ಯಾನ ಅಂತ ತಿಳಕೋ."

ಅವಳು ಮೊಣಕಾಲ ಮೇಲೆಯೇ ಕೂತು, ಉಸಿರು ಹಿಡಿದು, ಅವನ ಕಣ್ಣಿಗೆ ಫೋಕಸ್ ಕೂಡಿಸಿದಳು. ಯಾರೋ ಅವಳ ಜಡೆ ಜಗ್ಗಿದರು. ಗುಂಡಿ ಒತ್ತಿದಳು.

ಚಿತ್ರ ಸುರುಳಿಯಾಗಿ ಮನೆಗೆ ಬಂದ ದಿನ ತಾಯಿ, "ಕೊಂದವನ್ನ ಮನಿಯೊಳಗ ಕರಕೊಂಡ್ ಬಂದಳು," ಎಂದು ಅಡುಗೆಮನೆ ಸೇರಿ ಬಾಗಿಲು ಹಾಕಿಕೊಂಡಳು. ಶಾಲನ್ ಒಬ್ಬಳೇ ಅದನ್ನು ಮಂಚದ ಕಾಲ್ದೆಸೆಯ ಗೋಡೆಗೆ ಅಂಟಿಸಿದಳು. ಬಿರೂ ಕೋಳೇಕರ ಆಳೆತ್ತರಕ್ಕೆ ನಿಂತ. ಒಡೆದು ಮುದುಡಿದ ಕಿವಿ, ರೋಮ ರೋಮಕ್ಕೂ ಅಂಟಿದ ಮಣ್ಣು, ಹೆಪ್ಪುಗಟ್ಟುತ್ತಿದ್ದ ರಕ್ತದಲ್ಲಿ ಸಿಕ್ಕಿಕೊಂಡ ಒಂದು ಕೂದಲು. ಎಲ್ಲವೂ ಇತ್ತು.

ಸರ್ಜೇರಾವ್ ಮೇಲಿನಿಂದ ಕೆಳಗೆ ನೋಡಿದ. ಕೆಳಗಿನಿಂದ ಮೇಲೆ ನೋಡಿದ. ದವಡೆ ಬಿಗಿಯಿತು, ಹಲ್ಲು ಕಡಿಯುವ ಸದ್ದು ಶಾಲನ್‌ಗೆ ಕೇಳಿಸಿತು.

"ತುಟಿ ಧೋಂಡ್ಯಾ ಹರದದ್ದೇನು?"

"ಹೂಂ. ನೆತ್ತಿಲೆ."

"ಛಲೋ ಹರದಾನ."

ಹೊರಗೆ ಯಾರೋ ಹಾಲಿನವನ ಜೊತೆ ಜಗಳವಾಡುತ್ತಿದ್ದರು.

"ನಗಾಕ ಹತ್ತಿರ್ತಾನ ಅಂದ್ಕೊಂಡಿದ್ದೆ. ನಕ್ಕೇ ಇಲ್ಲ," ಎಂದ ಅಣ್ಣ. "ಶಾಲೂ, ಅವನ ಕಣ್ಣಿನ್ಯಾಗ ಮಣ್ಣು ಹೋಗೇತಿ ನೋಡು. ಎಡಗಣ್ಣಿನ್ಯಾಗ. ಒರಸು."

"ದಾದಾ, ಅದು ಕಾಗದ."

"ಗೊತ್ತೈತಿ. ಒರಸು."

ಅವಳು ಮಂಚದ ಪಕ್ಕದ ತಂಬಿಗೆಯಲ್ಲಿ ಸೆರಗಿನ ತುದಿ ಅದ್ದಿ, ಹಿಂಡಿ, ತುದಿಗಾಲಲ್ಲಿ ನಿಂತು ಆ ಎಡಗಣ್ಣು ಒರೆಸಿದಳು.