ಎರಡನೆಯ ದಿನದ ಕೋಳಿ

"ಬೈಗುಳ ಇಲ್ಲ, ಗಲಾಟೆ ಇಲ್ಲ ಮಾರಾಯ್ತಿ. ಒಂದು ತುಂಡು ಕೋಳಿ, ಅಷ್ಟೆ," ಎಂದಳು ಪಕ್ಕದ ಇಸ್ತ್ರಿ ಮೇಜಿನ ಅಪ್ಪಿ. "ತಿಂದು, ಕೈ ತೊಳೆದು, ಮನೆಗೆ ಹೋಗುವುದು."

ಚೀನಿಯರ ಹೊಸ ವರ್ಷದ ಎರಡನೆಯ ದಿನ ಲಾಂಡ್ರಿಯ ಚೀನೀ ಸೇಟ್ ಕೆಲಸದವರೆಲ್ಲರನ್ನೂ ಊಟಕ್ಕೆ ಕೂರಿಸುತ್ತಾರೆ. ಯಾರ ಬಟ್ಟಲಿಗೆ ಕೋಳಿ ಬಡಿಸುತ್ತಾರೋ ಅವರ ಕೆಲಸ ಹೋಯಿತೆಂದೇ ಲೆಕ್ಕ. ಮುಂಬಯಿ ಫೋರ್ಟಿನ ಈ ಲಾಂಡ್ರಿಗೆ ಸೇರಿ ಹತ್ತೇ ತಿಂಗಳಾಗಿದ್ದ ರಾಜೀವಿಗೆ ಅದು ಗೊತ್ತಾದದ್ದು ಊಟಕ್ಕೆ ಒಂದು ತಾಸು ಮುಂಚೆ.

"ನಿಮಗೆ ನಗು, ಅಪ್ಪಿಯಕ್ಕ. ಕೋಳಿ ನನ್ನ ಬಟ್ಟಲಿಗೇ ಬಿದ್ದರೆ ನಾನು ಎಲ್ಲಿಗೆ ಹೋಗುವುದು?"

ಗಂಡ ತೀರಿಕೊಂಡ ಮೇಲೆ ರಾಜೀವಿಯನ್ನೂ ಮಗಳು ಸೇವಂತಿಯನ್ನೂ ಮುಂಬಯಿಯಲ್ಲಿ ಹಿಡಿದಿಟ್ಟದ್ದು ಈ ಇಸ್ತ್ರಿ ಮೇಜು. ಇದು ತಪ್ಪಿದರೆ ಸೇವಂತಿಯ ಶಾಲೆ ಬಿಡಿಸಿ ಊರಿನ ಬಸ್ಸು ಹತ್ತಬೇಕು.

ಸೇಟರ ಮಗ ಮಿಂಗ್ ದೀಪಾವಳಿಯ ಹೊತ್ತಿಗೇ ಎರಡು ಕರೆಂಟಿನ ಇಸ್ತ್ರಿಪೆಟ್ಟಿಗೆ ತಂದಿದ್ದ. ಮುದುಕ ವಾಂಗ್ ಸೇಟ್ ಕಟ್ಟು ಬಿಚ್ಚಲು ಬಿಟ್ಟಿರಲಿಲ್ಲ. ಕೆಂಡದ ಪೆಟ್ಟಿಗೆಯನ್ನು ಕೆನ್ನೆಯ ಹತ್ತಿರ ಹಿಡಿದು ಶಾಖ ಅಳೆಯುವ ಮನುಷ್ಯ ಅವರು. "ವರ್ಷ ಕಳೆಯಲಿ, ನೋಡೋಣ," ಎಂದಿದ್ದರು. ವರ್ಷ ಕಳೆದಿತ್ತು. ಕರೆಂಟಿನ ಪೆಟ್ಟಿಗೆ ಬಂದರೆ ಕೆಲಸದವರಲ್ಲಿ ಒಬ್ಬರು ಹೆಚ್ಚಾಗುತ್ತಾರೆ. ಎಲ್ಲರಿಗಿಂತ ಹೊಸಬಳು ರಾಜೀವಿ.

ಊಟಕ್ಕೆ ಕೂತರು. ಬೇಯಿಸಿದ ಕೋಳಿ ಮೇಜಿನ ನಡುವೆ ಹಬೆಯಾಡುತ್ತಿತ್ತು, ಯಾರೂ ಮುಟ್ಟಲಿಲ್ಲ. ರಾಜೀವಿ ಬಟ್ಟಲನ್ನು ಅಂಗೈಯಿಂದ ಮುಚ್ಚಿ ಕೂತಳು. ಸೇಟ್ ಊಟದ ಕಡ್ಡಿಗಳನ್ನು ಎತ್ತಿ ಒಂದು ತುಂಡು ಹಿಡಿದರು. ಆದರೆ ಮುದಿ ಬೆರಳು ನಡುಗಿ ತುಂಡು ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು. ಅವರ ಬಟ್ಟಲಿನಲ್ಲಿ ಬರೀ ಅನ್ನ.

ಹಿರಿಯರು ಬರೀ ಅನ್ನದ ಮುಂದೆ ಕೂತದ್ದನ್ನು ನೋಡಿಕೊಂಡು ಸುಮ್ಮನಿರುವ ಮನೆಯಲ್ಲಿ ರಾಜೀವಿ ಬೆಳೆದವಳಲ್ಲ. ಅವಳ ಕೈ ಅವಳನ್ನು ಕೇಳಲಿಲ್ಲ. ಸೌಟು ತೆಗೆದು ದೊಡ್ಡ ಕಾಲಿನ ತುಂಡನ್ನು ಅವರ ಬಟ್ಟಲಿಗೆ ಹಾಕಿಯೇಬಿಟ್ಟಳು. "ತಗೊಳ್ಳಿ ಸೇಟ್, ಆರಿಹೋಗ್ತದೆ."

ಅಪ್ಪಿ ಮೇಜಿನ ಕೆಳಗೆ ಅವಳ ಕಾಲು ತುಳಿದಳು. ಮಿಂಗ್‌ನ ಕೈ ಬಾಯಿಯ ಹತ್ತಿರವೇ ನಿಂತಿತು. ಆಗ ರಾಜೀವಿಗೆ ತಾನು ಮಾಡಿದ್ದೇನೆಂದು ಹೊಳೆಯಿತು.

ಸೇಟ್ ಬಟ್ಟಲನ್ನೇ ನೋಡಿದರು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಮಿಂಗ್, ನನ್ನ ಕೆಲಸ ಹೋಯಿತು!" ಎಂದರು ತಮ್ಮ ಮುರುಕು ಹಿಂದಿಯಲ್ಲಿ, ಎಲ್ಲರಿಗೂ ತಿಳಿಯಲೆಂದು.

"ಅಪ್ಪಾ, ಆಕೆ ಬೇಕೆಂದು ಮಾಡಿದ್ದಲ್ಲ—"

"ಬಡಿಸಿದ ಕೋಳಿ ವಾಪಸ್ ಇಲ್ಲ. ಒಬ್ಬರು ಹೋಗಬೇಕಿತ್ತು, ನಾನು ಹೋದೆ. ಇನ್ನು ಯಾರೂ ಹೋಗುವುದು ಬೇಡ." ಸೊಂಟದ ಬೀಗದ ಕೈ ಬಿಚ್ಚಿ ಮಗನ ಮುಂದಿಟ್ಟರು. ಕೋಳಿಯ ಕಾಲನ್ನು ಕೈಯಲ್ಲೇ ಹಿಡಿದು ಕಚ್ಚಿದರು. "ರಾಜೀವಿಬಾಯಿ, ಈ ಬೀಗದ ಕೈಯನ್ನು ನಾನೇ ನಾಲ್ಕು ತಿಂಗಳ ಹಿಂದೆ ಕೊಟ್ಟುಬಿಡಬೇಕಿತ್ತು. ಕೈ ಬರಲಿಲ್ಲ. ನೀನು ಒಳ್ಳೆಯದೇ ಮಾಡಿದೆ."

ಮಿಂಗ್ ತಲೆ ತಗ್ಗಿಸಿ ಬೀಗದ ಕೈ ತೆಗೆದುಕೊಂಡ. "ಕಾಲರಿಗೆ ಗಂಜಿ ಎಷ್ಟು ಅಂತ ನೀವೇ ಬಂದು ಹೇಳಬೇಕು," ಎಂದ.

"ಚಾ ಕೊಟ್ಟರೆ ಬರ್ತೇನೆ."

ಮರುದಿನ ಸೇಟ್ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಚಾ ಕುಡಿದರು. ಕರೆಂಟಿನ ಇಸ್ತ್ರಿ ಕಾಯಿತು. ಅದನ್ನು ಕೆನ್ನೆಯ ಹತ್ತಿರ ಹಿಡಿದು ನೋಡಿ, "ಹೂಂ," ಎಂದು ರಾಜೀವಿಯ ಕೈಗೆ ಕೊಟ್ಟರು.

"ನಿಮ್ಮ ಅಂಗಿ ಕೊಡಿ ಸೇಟ್," ಎಂದಳು ರಾಜೀವಿ. "ಮೊದಲು ಅದೇ ಆಗಲಿ."