ಪಳಗಿದ ಬೆನ್ನು

ಚಪ್ಪಲಿ ಎಲ್ಲಿ ಕಳಚಿ ಬಿತ್ತೆಂದು ಕಂಬಣ್ಣನಿಗೆ ಗೊತ್ತೇ ಆಗಲಿಲ್ಲ. ಗೋದಾಮಿನಿಂದ ಕೋಣೆಗೆ ಬಂದು, ಬೀಗ ತೆಗೆದು, ಕಾಲು ತೊಳೆಯಲು ಹೋದಾಗ ನೋಡುತ್ತಾನೆ, ಬಲಗಾಲಿನಲ್ಲಿ ಚಪ್ಪಲಿ ಇದೆ, ಎಡಗಾಲು ಬರಿಗಾಲು. ಹೆಬ್ಬೆರಳ ಬುಡಕ್ಕೆ ಗಾಜಿನ ಚೂರು ಹೊಕ್ಕು ರಕ್ತ ಬಂದಿತ್ತು. ಅದೂ ಗೊತ್ತಾಗಿರಲಿಲ್ಲ. ಹೆಂಡತಿ ಇದ್ದಿದ್ದರೆ, ಕಾಲನ್ನ ಗೋದಾಮಲ್ಲೇ ಬಿಟ್ಟು ಬಂದ್ರಾ ಎಂದು ನಗುತ್ತಿದ್ದಳು. ಅವಳು ತೀರಿಕೊಂಡು ವರ್ಷಗಳೇ ಆಗಿದ್ದವು. ನಗುವವರು ಯಾರೂ ಇಲ್ಲದ್ದರಿಂದ ಅವನೇ ಸ್ವಲ್ಪ ನಕ್ಕು, ಗಾಜು ಕಿತ್ತು, ಬಟ್ಟೆ ಸುತ್ತಿ ಮಲಗಿದ.

ಅವನಿಗೆ ಸಂತೋಷವೇ ಆಗಿತ್ತು. ಯಾಕೆಂದರೆ ನೋವು ಹೋಗಿತ್ತು.

ಆ ನೋವು ಅವನನ್ನು ಬಹಳ ಕಾಲ ಹಿಂಡಿ ಹಿಪ್ಪೆ ಮಾಡಿತ್ತು. ಸೊಂಟದಲ್ಲಿ ಶುರುವಾಗಿ, ತೊಡೆಯ ಹಿಂಭಾಗದಲ್ಲಿ ಇಳಿದು, ಪಾದದ ತನಕ ಕಾದ ತಂತಿ ಎಳೆದ ಹಾಗಾಗುತ್ತಿತ್ತು. ಈಗ ಕಾಲು ತಣ್ಣಗೆ, ಸುಮ್ಮನೆ ಬಿದ್ದುಕೊಂಡಿದೆ. ಗೋದಾಮಿನಲ್ಲಿ ಒಂದು ಮಾತಿತ್ತು: ಹೊಸ ಬೆನ್ನು ನೋಯುತ್ತದೆ, ಪಳಗಿದ ಬೆನ್ನು ನೋಯುವುದಿಲ್ಲ. ಈ ಮಾತನ್ನು ಮೊದಲು ಯಾರು ಹುಟ್ಟಿಸಿದರೋ ತಿಳಿಯದು. ಮೂಟೆ ಹೊತ್ತವನಂತೂ ಹುಟ್ಟಿಸಿರಲಾರ. ಆದರೆ ಹೊರುವವರೆಲ್ಲ ಅದನ್ನು ನಂಬಿದ್ದರು. ಮರುದಿನ ಕಂಬಣ್ಣ ನೋವು ಹೋಯಿತೆಂದಾಗ ಎಲ್ಲರೂ ಸೇರಿ ಅವನ ಕೈಯಲ್ಲಿ ಚಹಾ ಕೊಡಿಸಿಕೊಂಡು ಕುಡಿದರು. ಎಷ್ಟೇ ಭಾರ ಹೊತ್ತರೂ ನೆಟ್ಟಗೆ ನಡೆಯುತ್ತಾನೆಂದು ಕಂಬ ಎಂದು ಹೆಸರಿಟ್ಟವರೂ ಇವರೇ.

ಮೇಸ್ತ್ರಿಯೂ ಬಂದು ಬೆನ್ನು ತಟ್ಟಿದ. ಅಂದಿನಿಂದ ಕಂಬಣ್ಣನನ್ನು ನೆಲದ ಕೆಲಸದಿಂದ ತೆಗೆದು ಹಲಗೆಯ ಕೆಲಸಕ್ಕೆ ಹಾಕಿದ. ಎಂದರೆ, ಸಕ್ಕರೆ ಮೂಟೆ ಹೊತ್ತು, ಲಾರಿಗೆ ಓರೆಯಾಗಿ ಒರಗಿಸಿದ ಹಲಗೆಯನ್ನು ಹತ್ತಬೇಕು. ಪಳಗಿದವನಿಗೆ ಸಿಕ್ಕುವ ಬಹುಮಾನ ಅದು.

ಸಕ್ಕರೆ ಮೂಟೆಯನ್ನು ಯಾವ ಗಂಡಸೂ ತಾನೇ ತನ್ನ ಬೆನ್ನಿಗೇರಿಸಿಕೊಳ್ಳಲಾರ. ಪೇರಿಸಿಟ್ಟ ಮೂಟೆಗಳ ಅಟ್ಟಿಯ ಹತ್ತಿರ ಇಬ್ಬರು ನಿಂತಿರುತ್ತಾರೆ. ಹೊರುವವನು ಬಂದು ಬಗ್ಗಿ ಬೆನ್ನು ಕೊಡುತ್ತಾನೆ. ಇಬ್ಬರೂ ಆ ಕಡೆ ಈ ಕಡೆ ಹಿಡಿದು, ಉಸಿರು ಕಟ್ಟಿ ಎತ್ತಿ ಇಡುತ್ತಾರೆ. ಕಂಬಣ್ಣನಿಗೆ ಎತ್ತಿಕೊಡುತ್ತಿದ್ದವರಲ್ಲಿ ಒಬ್ಬ ಅವನ ಭಾಮೈದ, ತೀರಿಕೊಂಡ ಹೆಂಡತಿಯ ತಮ್ಮ. ಇನ್ನೊಬ್ಬ ಗೋದಾಮಿಗೇ ಹಿರಿಯ, ಎಲ್ಲರೂ ದೊಡ್ಡಪ್ಪ ಎನ್ನುತ್ತಿದ್ದ ಮುದುಕ. ವರ್ಷಗಟ್ಟಲೆ ಈ ಮೂವರ ಕೆಲಸ ಒಂದೇ ಉಸಿರಿನಲ್ಲಿ ನಡೆದಿತ್ತು.

ಒಂದು ಬೆಳಿಗ್ಗೆ ಹಲಗೆಯ ನಡುವೆ ಕಂಬಣ್ಣನ ಎಡಗಾಲು ಮೇಲಕ್ಕೆ ಬರಲಿಲ್ಲ. ಅವನು ಎತ್ತಿದೆ ಎಂದುಕೊಂಡ, ಅದು ಎದ್ದಿರಲಿಲ್ಲ. ಕೆಳಗೆ ಬಿದ್ದ. ಮೂಟೆ ಸೊಂಟದ ಮೇಲೆ ಬಿತ್ತು. ಆಮೇಲೆ ಎರಡು ಕಾಲೂ ಅವನ ಮಾತು ಕೇಳಲಿಲ್ಲ.

ಆಸ್ಪತ್ರೆಗೆ ಮೇಸ್ತ್ರಿಯೇ ಕರೆದುಕೊಂಡು ಹೋದ. ಗಾಡಿಯಲ್ಲಿ ಅವನ ತಲೆಯ ಹತ್ತಿರ ಕೂತು, ಮಗುವಿಗೆ ಹೇಳುವ ಹಾಗೆ ಮೆತ್ತಗೆ ಹೇಳಿದ.

"ಡಾಕ್ಟ್ರು ಕೇಳಿದ್ರೆ ಮನೇಲಿ ಬಿದ್ದೆ ಅನ್ನು. ಗೋದಾಮಲ್ಲಿ ಅಂದ್ರೆ ವಿಚಾರಣೆ ಗಿಚಾರಣೆ ಅಂತ ಬರ್ತಾರೆ. ಸಾಹುಕಾರ್ರು ನಿನ್ ಜಾಗ ಹಂಗೇ ಇಟ್ಟಿರ್ತಾರೆ. ವಾಪಸ್ ಬಂದ್ಮೇಲೆ ಮೂಟೆ ಬಾಯಿ ಹೊಲಿಯೋ ಕೆಲಸ. ಕೂತ್ಕೊಂಡು ಮಾಡೋದು."

ಕೂತುಕೊಂಡು ಮಾಡುವ ಕೆಲಸ ಎಂದರೆ ಕಂಬಣ್ಣನಿಗೆ ಸ್ವರ್ಗ. ಆಗಲಿ ಎಂದ. ಮೇಸ್ತ್ರಿ ಅವನನ್ನು ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿ, ಲಾರಿ ಕಾಯುತ್ತಿದೆಯೆಂದು ಹೊರಟುಹೋದ.

ಡಾಕ್ಟರಮ್ಮ ಪಿನ್ನಿನಿಂದ ಅಂಗಾಲು ಚುಚ್ಚಿ, ಗೊತ್ತಾಗುತ್ತಾ ಎಂದು ಕೇಳುತ್ತ ಮೇಲಕ್ಕೆ ಬಂದಳು. ಮೊಣಕಾಲು ದಾಟುವವರೆಗೂ ಅವನಿಗೆ ಏನೂ ಗೊತ್ತಾಗಲಿಲ್ಲ. ಎಲ್ಲಿ ಬಿದ್ದಿರಿ ಎಂದಳು. ಮನೆಯಲ್ಲಿ ಎಂದ.

"ಮನೇಲಿ ಏನ್ ಹೊತ್ಕೊಂಡಿದ್ರಿ?"

ಕಂಬಣ್ಣ ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದ. ಅವಳು ಮತ್ತೆ ಕೇಳಲಿಲ್ಲ. ನೋವು ಯಾವಾಗಿನಿಂದ ಎಂದಳು. ನೋವಿಲ್ಲ ಡಾಕ್ಟ್ರೇ, ಅದು ಹೋಗಿ ಎಷ್ಟೋ ದಿನ ಆಯ್ತು, ಬೆನ್ನು ಪಳಗಿಬಿಟ್ಟಿದೆ ಎಂದು ಅವನು ಸ್ವಲ್ಪ ಜಂಬದಿಂದಲೇ ಹೇಳಿದ.

"ಪಳಗಿದ್ದಲ್ಲ ಅದು," ಎಂದಳು ಡಾಕ್ಟರಮ್ಮ. "ಮೂಳೆ ಮಧ್ಯೆ ಸಿಕ್ಕಾಕೊಂಡ ನರ ಕೂಗಿ ಕೂಗಿ ಸುಮ್ನಾಗಿದೆ. ನೋವಿದ್ದಾಗ್ಲೇ ಬರ್ಬೇಕಿತ್ತು."

ಬೆನ್ನುಮೂಳೆಯ ಹಿಂಬದಿಯನ್ನು ಸ್ವಲ್ಪ ಕೊರೆದು ತೆಗೆಯಬೇಕು, ಒಳಗೆ ಜಾರಿ ಕೂತ ಡಿಸ್ಕನ್ನೂ ತೆಗೆಯಬೇಕು, ಆಗ ನರಕ್ಕೆ ಜಾಗವಾಗುತ್ತದೆ ಎಂದು ವಿವರಿಸಿದಳು. ತಡ ಮಾಡುವ ಹಾಗಿಲ್ಲ, ಇವತ್ತೇ ಆಗಬೇಕು. ನಡೆಯುತ್ತೀರೋ ಇಲ್ಲವೋ ಈಗಲೇ ಹೇಳಲಾರೆ ಎಂದಳು. ಜೊತೆಗೆ ಯಾರಿದ್ದಾರೆ ಎಂದು ನರ್ಸು ಕೇಳಿದಾಗ ಕಂಬಣ್ಣ, ಭಾಮೈದ ಬರ್ತಾನೆ, ದಾರೀಲಿದ್ದಾನೆ ಎಂದ.

ಭಾಮೈದ ಬರಲಿಲ್ಲ. ಆಪರೇಷನ್ ಆಗಿ ಎಚ್ಚರವಾದಾಗಲೂ ಬಂದಿರಲಿಲ್ಲ. ಅಮಲಿನಲ್ಲಿ ಕಣ್ಣು ಬಿಟ್ಟವನು ಮೊದಲು ನೋಡಿದ್ದೇ ಮಂಚದ ಪಕ್ಕದ ಸ್ಟೂಲನ್ನು. ಅದು ಖಾಲಿ ಇತ್ತು.

ವಾರ್ಡಿನಲ್ಲಿ ಪ್ರತಿ ಮಂಚಕ್ಕೂ ಒಂದು ಸ್ಟೂಲು. ಸಂಜೆ ಬಾಗಿಲು ತೆರೆದರೆ ಸಾಕು, ಬುತ್ತಿ, ಮಕ್ಕಳು, ಮಾತು, ಜಗಳ, ಎಲ್ಲ ಒಟ್ಟಿಗೆ ನುಗ್ಗುತ್ತಿದ್ದವು. ಪಕ್ಕದ ಮಂಚದಲ್ಲಿ ಗಂಡನನ್ನು ನೋಡಿಕೊಳ್ಳುತ್ತಿದ್ದ ಮುದುಕಿ ಮೊದಲ ಸಂಜೆಯೇ ಕೇಳಿದಳು, "ತಮ್ಮಾ, ನಿಮ್ ಕಡೆಯೋರು ಬರೋತನ್ಕ ಈ ಸ್ಟೂಲು ತಗೊಳ್ಲಾ? ನಮ್ಮೋರು ಜಾಸ್ತಿ ಜನ ಬಂದಿದಾರೆ." ಅದಕ್ಕೇನಕ್ಕಾ, ತಗೊಳಿ ಎಂದ. ಅವಳು ಸ್ಟೂಲನ್ನು ಹಿಂದಕ್ಕೆ ಕೊಡಬೇಕಾದ ಸಂದರ್ಭವೇ ಬರಲಿಲ್ಲ.

ಭಾಮೈದನ ಮನೆ ದೂರವೇನೂ ಇರಲಿಲ್ಲ. ಮೊದಮೊದಲು ಕಂಬಣ್ಣನೇ ಅವನ ಪರವಾಗಿ ನೆಪ ಹುಡುಕಿದ: ಲಾರಿ ಜಾಸ್ತಿ ಬಂದಿರಬೇಕು, ಮೇಸ್ತ್ರಿ ಬಿಟ್ಟಿರಲಾರ, ಮಗುವಿಗೆ ಜ್ವರವೋ ಏನೋ. ಆಮೇಲೆ ನೆಪಗಳೂ ಮುಗಿದವು. ಬಾಗಿಲ ಕಡೆಗೆ ಬೆನ್ನು ಮಾಡಿ ಮಲಗುವುದನ್ನು ರೂಢಿ ಮಾಡಿಕೊಂಡ. ಹೆಂಡತಿ ಸತ್ತಾಗಲೂ ಅವನು ಇಷ್ಟು ಒಂಟಿಯಾಗಿರಲಿಲ್ಲ. ಆಗ ಹೊರಲು ಮೂಟೆಯಾದರೂ ಇತ್ತು.

ಒಂದು ಮಧ್ಯಾಹ್ನ ಎಡಗಾಲಿನ ಬೆರಳುಗಳಲ್ಲಿ ಏನೋ ಚುರುಗುಟ್ಟಿತು. ನಿಂತಿತು. ಮತ್ತೆ ಚುರುಗುಟ್ಟಿ, ನಿಧಾನವಾಗಿ ಇಡೀ ಪಾದ ಉರಿಯತೊಡಗಿತು. ಕಂಬಣ್ಣ ಬಾಯಿಗೆ ಹೊದಿಕೆ ತುರುಕಿಕೊಂಡು ಅಳತೊಡಗಿದ. ಮುದುಕಿ ಗಾಬರಿಯಾಗಿ ನರ್ಸನ್ನು ಕರೆಯಲು ಎದ್ದಳು.

"ಬೇಡ ಅಕ್ಕಾ, ಇರ್ಲಿ. ನೋಯ್ತಿದೆ."

"ನೋಯ್ತಿದ್ರೆ ಕರೀಬೇಡ್ವಾ?"

"ನನ್ ಕಾಲು ಅಕ್ಕಾ. ನನ್ ಕಾಲೇ ನೋಯ್ತಿದೆ."

ಮುದುಕಿಗೆ ಅರ್ಥವಾಯಿತೋ ಇಲ್ಲವೋ, ಬಿಸಿನೀರು ತಂದು ಕುಡಿಸಿದಳು. ಇಷ್ಟು ದೊಡ್ಡ ಸುದ್ದಿಯನ್ನು ಹೇಳಿಕೊಳ್ಳಲು ಅವನಿಗೆ ಇದ್ದದ್ದು, ಹೆಸರೂ ಗೊತ್ತಿಲ್ಲದ ಆ ಹೆಂಗಸೊಬ್ಬಳೇ.

ಕೋಲು ಹಿಡಿದು ನಾಲ್ಕು ಹೆಜ್ಜೆ ಇಡುವಂತಾದಾಗ ಮನೆಗೆ ಕಳಿಸಿದರು. ಡಾಕ್ಟರಮ್ಮ ಎರಡೆರಡು ಸಲ ಹೇಳಿದಳು: ತುಂಬಿದ ಬಕೆಟ್ಟೂ ಎತ್ತಬೇಡಿ. ಮತ್ತೆ ಭಾರ ಹೊತ್ತರೆ ಕಾಲು ಹೋದದ್ದು ಹೋದ ಹಾಗೆಯೇ, ಆಮೇಲೆ ನನ್ನ ಕೈಯಲ್ಲೂ ಏನೂ ಇಲ್ಲ.

ಕೋಣೆಯಲ್ಲಿ ಅಕ್ಕಿ ಮುಗಿದ ದಿನ ಕಂಬಣ್ಣ ಗೋದಾಮಿಗೆ ಹೋದ. ಮೂಟೆ ಬಾಯಿ ಹೊಲಿಯುವ ಕಡೆ ಮೇಸ್ತ್ರಿಯ ಅಳಿಯ ಕೂತಿದ್ದ. ಮೇಸ್ತ್ರಿ ಇವನನ್ನು ನೋಡಿ ಇನ್ನೆಲ್ಲೋ ನೋಡಿದ. ಸಾಹುಕಾರರು ಬಾಗಿಲಲ್ಲೇ ಮೆತ್ತೆ ಹಾಕಿದ ಕುರ್ಚಿಯಲ್ಲಿ ಕೂತಿದ್ದರು. ಕಂಬಣ್ಣ ಕೈಮುಗಿದು ಕೂತು ಮಾಡುವ ಕೆಲಸದ ಮಾತು ಎತ್ತಿದ.

"ಜಾಗ ಇಟ್ಟಿರ್ತೀನಿ ಅಂದಿದ್ದೆ, ಇಟ್ಟಿದೀನಿ," ಎಂದರು ಸಾಹುಕಾರರು. "ನಿನ್ ಹಳೇ ಜಾಗ. ಹೋಗಿ ಸಾಲಲ್ಲಿ ನಿಂತ್ಕೋ."

"ಹೊರಬಾರ್ದು ಅಂದಿದಾರೆ ಧಣಿ. ಇಲ್ಲಿ ಬಿದ್ದಿದ್ದಕ್ಕೆ..."

"ಇಲ್ಲೆಲ್ಲಿ ಬಿದ್ದೆ? ಮನೇಲಿ ಬಿದ್ದೆ ಅಂತ ನೀನೇ ಹೇಳಿದೀಯಂತಲ್ಲ. ಮನೇಲಿ ಬಿದ್ದೋರಿಗೆಲ್ಲ ನಾನೇನಯ್ಯಾ ಮಾಡ್ಲಿ? ನಂಗೂ ಬೆನ್ನು ನೋವೇ. ಕೂತು ಕೂತು ಹಿಡ್ಕೊಂಡುಬಿಟ್ಟಿದೆ. ನಾನೇನ್ ಮನೇಲಿ ಮಲಗಿದೀನಾ? ಹೊರೋದಾದ್ರೆ ಹೊರು, ಇಲ್ದಿದ್ರೆ ದಾರಿ ಬಿಡು, ಲಾರಿ ಕಾಯ್ತಿದೆ."

ಕಾಲೋ ಹೊಟ್ಟೆಯೋ ಎಂದು ಕೇಳಿದರೆ ಹಸಿದವನು ಏನು ಹೇಳುತ್ತಾನೆ? ಕಂಬಣ್ಣ ಕೋಲನ್ನು ಗೋಡೆಗೆ ಒರಗಿಸಿದ. ಅಟ್ಟಿಯ ಹತ್ತಿರ ಕಾಲೆಳೆಯುತ್ತ ಹೋದ. ಭಾಮೈದನೂ ದೊಡ್ಡಪ್ಪನೂ ಅಲ್ಲೇ ನಿಂತಿದ್ದರು. ಅವರ ಮುಖ ನೋಡುವ ಮನಸ್ಸಾಗದೆ, ಎಂದಿನ ಹಾಗೆ ಮೊಣಕಾಲಿಗೆ ಕೈಯೂರಿ, ಬಗ್ಗಿ, ಬೆನ್ನು ಕೊಟ್ಟ. ಅಂಗಿ ಮೇಲೆ ಸರಿದು ಹೊಲಿಗೆಯ ಗುರುತು ಕಂಡಿತು.

ಉಸಿರು ಕಟ್ಟಿ ಕಾದ. ಮೂಟೆ ಬರಲಿಲ್ಲ.

ಎತ್ತಿ ಇಡ್ರೋ ಎಂದ ಮೇಸ್ತ್ರಿ. ಯಾರೂ ಅಲುಗಾಡಲಿಲ್ಲ.

"ಎತ್ತಲ್ಲ," ಎಂದ ಭಾಮೈದ.

ಮೇಸ್ತ್ರಿ ದೊಡ್ಡಪ್ಪನ ಕಡೆ ನೋಡಿದ. ದೊಡ್ಡಪ್ಪ ಎರಡು ಕೈಯನ್ನೂ ಕಂಕುಳಲ್ಲಿ ಇಟ್ಟುಕೊಂಡು ಮೂಟೆಯ ಮೇಲೆ ಕೂತುಬಿಟ್ಟ. ಮೇಸ್ತ್ರಿ ಸಾಲಿನಲ್ಲಿದ್ದವರನ್ನು ಒಬ್ಬೊಬ್ಬರಾಗಿ ಕರೆದ. ಒಬ್ಬ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡ. ಹಲಗೆಯ ನಡುವೆ ಇದ್ದವನು ಮೂಟೆಯನ್ನು ಅಲ್ಲೇ ಇಳಿಸಿ ಕೆಳಗೆ ಬಂದ. ಕೊನೆಗೆ ಮೇಸ್ತ್ರಿಯೇ ಹೋಗಿ ಮೂಟೆಯ ಒಂದು ಕಡೆ ಹಿಡಿದ. ಇನ್ನೊಂದು ಕಡೆ ಹಿಡಿಯಲು ಜನ ಬೇಕಿತ್ತು. ಅವನು ಸಾಹುಕಾರರ ಕಡೆ ನೋಡಿದ. ಸಾಹುಕಾರರು ಕುರ್ಚಿಯಿಂದ ಏಳಲಿಲ್ಲ.

ಭಾಮೈದ ಕಂಬಣ್ಣನ ರಟ್ಟೆ ಹಿಡಿದು ನಿಧಾನವಾಗಿ ನೆಟ್ಟಗೆ ನಿಲ್ಲಿಸಿದ.

"ಆಸ್ಪತ್ರೆ ಗೇಟಿನ ತನ್ಕ ದಿನಾ ಬಂದೆ ಭಾವ," ಎಂದ. "ಒಳಗೆ ಬರಕ್ಕೆ ಕಾಲು ಬರ್ಲಿಲ್ಲ. ಒಂದೊಂದು ಮೂಟೇನೂ ಇದೇ ಕೈಯಲ್ಲೇ ಅಲ್ವಾ ನಿನ್ ಮೇಲೆ ಇಟ್ಟಿದ್ದು?"

ಕಂಬಣ್ಣನ ಎಡಗಾಲಿನ ಚಪ್ಪಲಿ ಮತ್ತೆ ಕಳಚಿ ಹಿಂದೆ ಬಿದ್ದಿತ್ತು. ಈ ಸಲ ಅದು ಅವನಿಗೆ ಗೊತ್ತಾಗಿತ್ತು. ಅಂಗಾಲಿಗೆ ಗೋದಾಮಿನ ನೆಲದ ಮೇಲೆ ಚೆಲ್ಲಿದ್ದ ಸಕ್ಕರೆ ಒತ್ತುತ್ತಿತ್ತು. ಹೊರಗೆ ಲಾರಿಯವನು ಹಾರ್ನು ಹೊಡೆಯುತ್ತಲೇ ಇದ್ದ. ಕಂಬಣ್ಣ ಸಾಹುಕಾರರ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ನಾನು ಮನೇಲಿ ಬೀಳ್ಲಿಲ್ಲ."