ಭೈರವನ ಪಾಲು

ಆ ಬೆಳಿಗ್ಗೆ ಪೆನ್ನಾಗರದ ಗುಡ್ಡಗಳಿಂದ ಮಂಜು ಇಳಿದು ಹಟ್ಟಿಯೊಳಗೇ ಕೂತಿತ್ತು. ಕುರಿ ಕೂಡುವ ರೊಪ್ಪದ ಮುಳ್ಳುಬೇಲಿ ಕೂಡ ಕಾಣುತ್ತಿರಲಿಲ್ಲ. ಮಾರ್ಗಶಿರದ ಆ ಚಳಿಯಲ್ಲಿ ದಾಸಪ್ಪ ಬರೀ ಪಂಚೆ ಹೊದ್ದು ತಮ್ಮನ ಹೆಂಡತಿ ಅಂಕಮ್ಮನ ಅಂಗಳದಲ್ಲಿ ನಿಂತಿದ್ದ. ಅವನ ಕಂಬಳಿ ಅಂಕಮ್ಮನ ಮನೆಯ ತೊಲೆಯ ಮೇಲಿತ್ತು. ಮಾಟ ಮಾಡಿದನೆಂಬ ಮಾತು ಹತ್ತಿದವನ ಕಂಬಳಿ ಕಿತ್ತುಕೊಳ್ಳುವುದು ಅಲ್ಲಿನ ಕಟ್ಟಳೆ. ಸಂಜೆಯೊಳಗೆ ಅವನು ಕುರಿ ಹೊಡೆದುಕೊಂಡು ಹಟ್ಟಿ ಬಿಡಬೇಕಿತ್ತು.

ಅಂಕಮ್ಮನ ಕುರಿಗಳು ಒಂದಾದ ಮೇಲೊಂದು ಗಾಣದ ಎತ್ತಿನಂತೆ ನಿಂತಲ್ಲೇ ಸುತ್ತಿ ಸುತ್ತಿ ಬಿದ್ದು ಸಾಯುತ್ತಿದ್ದವು. ಇವತ್ತು ಇನ್ನೊಂದು ಬಿದ್ದಿತ್ತು.

"ನೀವು ನಮ್ಮ ರೊಪ್ಪ ದಾಟಿದ್ಮೇಲೇ ಇಂಗಾಗಿದ್ದು ಬಾವ," ಎಂದಳು ಅಂಕಮ್ಮ.

"ನನ್ ಕೈಲಿ ಮಾಟ ಆಗಿದ್ರೆ, ಮೊದ್ಲು ನನ್ ಮಂಡಿನೋವು ಓಡಿಸ್ತಿದ್ದೆ ಕಣಮ್ಮ," ಎಂದ ದಾಸಪ್ಪ.

ಅಂಕಮ್ಮನ ಮಗಳು ರಮಾ ರಜೆಗೆ ಬಂದಿದ್ದಳು. ದನಕುರಿಗಳ ಮೈಯೊಳಗೆ ಬದುಕುವ ಹುಳುಗಳ ಬಗ್ಗೆ ಅವಳ ಓದು. ಸತ್ತ ಕುರಿಯ ತಲೆ ಬಿಚ್ಚಿ ನೋಡುತ್ತೇನೆಂದು ಅವಳು ಕತ್ತಿ ಹಿಡಿದಾಗ ಅಂಕಮ್ಮ ಅಡ್ಡ ಬಂದಳು.

"ಮುಟ್ಟಬ್ಯಾಡ ಕಣೇ! ಅದು ಭೈರವನ ಪಾಲು."

ಸುತ್ತುವ ಕುರಿಯನ್ನು ಭೈರವನೇ ಆಡಿಸುತ್ತಾನೆಂದು ಅವರ ನಂಬಿಕೆ. ಅದರ ಹಸಿ ತಲೆ ಅವನ ವಾಹನವಾದ ನಾಯಿಗೆ ಸೇರಬೇಕು. ಪ್ರತಿ ಸಲವೂ ಅಂಕಮ್ಮ ತಲೆಗೆ ಅರಿಶಿನ ಹಚ್ಚಿ, ಕಾವಲುನಾಯಿ ಕಾಳನ ಮುಂದಿಟ್ಟು ಕೈಮುಗಿಯುತ್ತಿದ್ದಳು.

"ನೋಡಿ ಆಮೇಲೆ ಕೊಡೋಣಮ್ಮ. ದೊಡ್ಡಪ್ಪನ್ನ ಓಡಿಸೋಕ್ ಮುಂಚೆ ಒಂದ್ಸಲ ನೋಡು."

ತಲೆಬುರುಡೆ ಎಳನೀರಿನ ಗಂಜಿಯಷ್ಟು ಮೆತ್ತಗಾಗಿತ್ತು. ಕತ್ತಿ ಸಲೀಸಾಗಿ ಇಳಿಯಿತು. ಮಿದುಳಿನ ಜಾಗದಲ್ಲಿ ನಿಂಬೆಹಣ್ಣಿನ ಗಾತ್ರದ ಒಂದು ಗುಳ್ಳೆ, ಒಳಗೆ ತಿಳಿನೀರು, ಪೊರೆಯ ತುಂಬ ಅಕ್ಕಿನುಚ್ಚಿನಂಥ ಬಿಳಿ ಚುಕ್ಕಿ. ಅಂಕಮ್ಮ ಸೆರಗು ಬಾಯಿಗೊತ್ತಿಕೊಂಡು ಹಿಂದಕ್ಕೆ ಸರಿದಳು.

"ಅಯ್ಯೋ ಸಾಮಿ! ಏನಮ್ಮಾ ಇದು?"

"ಹುಳದ ಮರಿಗಳಮ್ಮ. ಒಂದೊಂದು ನುಚ್ಚೂ ಒಂದೊಂದು ಹುಳದ ತಲೆ."

"ಯಾರೇ ಇಟ್ಟೋರು ಒಳಗೆ?"

ರಮಾ ತಲೆಯೆತ್ತಿ ನೋಡಿದಳು. ಅಂಗಳದ ಅಂಚಿನಲ್ಲಿ ಕಾಳ ಬಾಲ ಅಲ್ಲಾಡಿಸುತ್ತ, ತನ್ನ ಪಾಲಿಗೆ ಕಾದು ಕೂತಿತ್ತು. ಪರೀಕ್ಷೆಯಲ್ಲಿ ಅವಳು ಈ ಹುಳದ ಜೀವನಚಕ್ರದ ಚಿತ್ರ ಬರೆದಿದ್ದಳು. ಚಿತ್ರದ ನಾಯಿ ತನ್ನ ಮನೆಯದೆಂದು ಹೊಳೆದಿರಲಿಲ್ಲ.

"ಹಸಿ ತಲೆ ತಿಂದ್ರೆ ನಾಯಿ ಕರುಳಲ್ಲಿ ಇದು ಉದ್ದನೆ ಹುಳ ಆಯ್ತದೆ," ಎಂದಳು ಮೆಲ್ಲಗೆ. "ಅದರ ಮೊಟ್ಟೆ ನಾಯಿ ಹೇಲಲ್ಲಿ ಹುಲ್ಲಿಗೆ ಬೀಳ್ತದೆ. ಆ ಹುಲ್ಲು ಮೇಯೋದು ನಮ್ಮ ಕುರಿ."

ಅಂಕಮ್ಮ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ಹಳೆಯ ಅರಿಶಿನ ಉಳಿದಿತ್ತು.

"ಅಂಗಾರೆ ನಾನು ಕೈಮುಗಿದು ಕೊಟ್ಟಿದ್ದೆಲ್ಲ..."

ಮಂಜಿನೊಳಗೆ ಕುರಿಯೊಂದು ಕೆಮ್ಮಿತು. ಅವಳು ಕಾಳನ ಕಡೆ ತಿರುಗಿದಳು.

"ಕಾಳನ್ನ ಕೊಲ್ಬೇಕಾ?"

"ಬ್ಯಾಡಮ್ಮ, ಮಾತ್ರೆ ಐತೆ. ಇನ್ಮೇಲೆ ತಲೆ ಮಾತ್ರ ಸುಡ್ಬೇಕು."

"ಭೈರವ ಮುನಿದ್ರೆ?"

ಇಷ್ಟು ಹೊತ್ತು ನಡುಗುತ್ತ ನಿಂತಿದ್ದ ದಾಸಪ್ಪ ಬಾಯಿಬಿಟ್ಟ. "ಅವ್ನು ಸುಡುಗಾಡಲ್ಲೇ ಇರೋನು ಕಣಮ್ಮ. ಸುಟ್ಟಿದ್ದು ಒಲ್ಲೆ ಅಂತಾನಾ?"

ಅಂಕಮ್ಮ ನಗಲಿಲ್ಲ. ಕೈ ತೊಳೆದಳು, ಮತ್ತೆ ತೊಳೆದಳು. ಒಳಗೆ ಹೋಗಿ ತೊಲೆಯ ಮೇಲಿನ ಕಂಬಳಿ ಇಳಿಸಿ, ಹೊಗೆಯ ಮಸಿ ಕೊಡವಿ, ಅಂಗಳಕ್ಕೆ ಬಂದಳು. ತಲೆಯೆತ್ತದೆ ಅದನ್ನು ಬಾವನ ಕೈಗಿಟ್ಟಳು.